ಇಂಗ್ಲಿಷಿನ ‘ಅರೀಕ’ ನಮ್ಮ ಅಡಿಕೆಯಿಂದ ಹೋದ ಪದವೇ?

ಪ್ರಶ್ನೆ: ನಮ್ಮೂರಿನ ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಈ ವರ್ಷ 75 ತುಂಬುತ್ತದೆ. ಸ್ಮರಣ ಸಂಚಿಕೆಯ ಹೊಣೆ ನನ್ನ ಮೇಲೆ ಬಿದ್ದಿದೆ. ಸಂಪಾದಕ ಸಮಿತಿಯಲ್ಲಿರುವ ನಮ್ಮ ದೊಡ್ಡಪ್ಪ ಮುಖಪುಟದ ಮೇಲೆ ‘ಅರೀಕ: ಇಂಗ್ಲಿಷಿಗೆ ಕನ್ನಡ ಕೊಟ್ಟ ಪದ’ ಎಂದು ಹಾಕಲೇಬೇಕು ಅನ್ನುತ್ತಿದ್ದಾರೆ. ಬ್ರಿಟಿಷ್ ಅಧಿಕಾರಿಯೊಬ್ಬ ಮಲೆನಾಡಿಗೆ ಬಂದಾಗ ನಮ್ಮವರು ‘ಅಡಿಕೆ’ ಅಂದದ್ದು ಅವನಿಗೆ ‘ಅರೀಕೆ’ ಎಂದು ಕೇಳಿ, ಹಾಗೇ ಬರೆದುಕೊಂಡ ಎಂಬ ಕತೆಯನ್ನು ಅವರು ಚಿಕ್ಕಂದಿನಿಂದ ಕೇಳಿದ್ದಾರಂತೆ. ಅವರ ಸೊಸೆ ಕಾಸರಗೋಡಿನವಳು. ಅವಳು ‘ಅದು ಮಲಯಾಳದ ಅಡಕ್ಕ, ಮಾವ’ ಎಂದಾಗಿನಿಂದ ಮನೆಯಲ್ಲಿ ಇದೇ ಚರ್ಚೆ. ಇನ್ನೊಂದು ತೊಡಕೂ ಇದೆ. ಇಂಗ್ಲಿಷ್ ಪುಟಗಳನ್ನು ಬರೆದುಕೊಟ್ಟವರು ಅಡಿಕೆಗೆ ಉದ್ದಕ್ಕೂ ‘ಬೀಟಲ್ ನಟ್’ ಎಂದೇ ಬರೆದಿದ್ದಾರೆ. ಅದು ಸರಿಯೇ? ಪ್ರೆಸ್ಸಿಗೆ ಕೊಡಲು ಹದಿನೈದು ದಿನ ಉಳಿದಿದೆ. (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪದಮೂಲದ ವಿಚಾರದಲ್ಲಿ ಕಾಸರಗೋಡಿನ ಸೊಸೆಯ ಮಾತು ಸರಿ. ಆದರೆ ದೊಡ್ಡಪ್ಪನವರ ಕಿವಿಯೂ ಮೋಸಹೋಗಿಲ್ಲ. ‘ಅಡಿಕೆ’ ಮತ್ತು ‘ಅರೀಕ’ ಒಂದೇ ಬಳಗದ ಪದಗಳು ಎಂದು ಅವರಿಗೆ ಅನಿಸಿದ್ದು ನಿಜವೇ. ಅಧಿಕಾರಿಯ ಕತೆ ಮಾತ್ರ ನಿಲ್ಲುವುದಿಲ್ಲ. ‘ಬೀಟಲ್ ನಟ್’ ಬಳಕೆಯಲ್ಲಿದೆ, ಅರ್ಥದಲ್ಲಿ ತಪ್ಪು. ನಿಮ್ಮ ಸಂಚಿಕೆಯಲ್ಲಿ ಅದನ್ನು ತಿದ್ದುವುದು ಒಳ್ಳೆಯದು.

ಅಧಿಕಾರಿಯ ಕತೆಯನ್ನು ಮೊದಲು ಮುಗಿಸೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ. ಶ್ರೀರಂಗಪಟ್ಟಣ ಬಿದ್ದು ಮೈಸೂರು ಸೀಮೆಯಲ್ಲಿ ಬ್ರಿಟಿಷರ ಕೈ ಮೇಲಾದದ್ದು 1799ರಲ್ಲಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅಡಿಕೆ ಮರಕ್ಕೆ ‘ಅರೀಕ ಕ್ಯಾಟೆಚು’ ಎಂಬ ಶಾಸ್ತ್ರೀಯ ಹೆಸರು ಕೊಟ್ಟದ್ದು 1753ರಲ್ಲಿ, ಅಂದರೆ ಅದಕ್ಕೂ 46 ವರ್ಷ ಮೊದಲು. ಇನ್ನೂ ಹಿಂದೆ ಹೋದರೆ ಈ ಪದ 1510ರಲ್ಲಿ ರೋಮಿನಲ್ಲಿ ಅಚ್ಚಾದ ಪುಸ್ತಕದಲ್ಲೇ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದೇ 1600ರಲ್ಲಿ. ಬ್ರಿಟಿಷರು ಇತ್ತ ಕಾಲಿಡುವ ಎಷ್ಟೋ ಮೊದಲೇ ಪದ ಯುರೋಪು ಸೇರಿ ಆಗಿತ್ತು.

ಆ 1510ರ ಪುಸ್ತಕ ಬರೆದವನು ವರ್ತೇಮ ಎಂಬ ಇಟಲಿಯ ಪ್ರವಾಸಿ. ಕಲ್ಲಿಕೋಟೆಯ ವರ್ಣನೆ ಮಾಡುತ್ತಾ, ಜನ ಎಲೆಯೊಂದಿಗೆ ‘ಕೊಫೊಲೊ’ ಎಂಬ ಕಾಯಿಯನ್ನು ತಿನ್ನುತ್ತಾರೆ, ಅದರ ಮರವನ್ನು ‘ಅರೆಕ’ ಎನ್ನುತ್ತಾರೆ ಎಂದು ಬರೆದಿದ್ದಾನೆ. ಕಾಯಿಗೆ ಒಂದು ಹೆಸರು, ಮರಕ್ಕೆ ಇನ್ನೊಂದು. ಈ ಸಾಲು ನನಗೆ ಬಹಳ ಇಷ್ಟ. ಕಾಯಿಯ ಹೆಸರು ಅರಬ್ಬಿಯ ‘ಫೌಫಲ್’ನ ರೂಪ, ಅರಬ್ ವ್ಯಾಪಾರಿಗಳ ಬಾಯಿಯಿಂದ ಬಂದದ್ದು. ಮರದ ಹೆಸರು ಸ್ಥಳೀಯರದು. ಆ ಬಂದರಿನಲ್ಲಿ ಯಾರು ಯಾರು ಯಾವ ಮಾತಾಡುತ್ತಿದ್ದರು ಎಂಬುದು ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ.

ಇನ್ನು ಸದ್ದಿನ ವಿಚಾರ. ‘ಡ’ ಹೋಗಿ ‘ರ’ ಹೇಗಾಯಿತು? ನೀವೇ ಪರೀಕ್ಷೆ ಮಾಡಿ. ‘ಅಡಿಕೆ’ ಎಂದು ಒಮ್ಮೆ ನಿಧಾನವಾಗಿ ಹೇಳಿ, ಆಮೇಲೆ ಸಂತೆಯಲ್ಲಿ ಅವಸರದಲ್ಲಿರುವವರ ಹಾಗೆ ನಾಲ್ಕು ಸಲ ಬೇಗಬೇಗ ಹೇಳಿ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ, ಅಂಗುಳಿಗೆ ಒಂದೇ ಏಟು ತಟ್ಟಿ ಕೆಳಗಿಳಿಯುತ್ತದೆ. ಎರಡು ಸ್ವರಗಳ ನಡುವೆ ಸಿಕ್ಕ ನಮ್ಮ ‘ಡ’ ಹೀಗೆ ಹಗುರಾಗುತ್ತದೆ. ಈ ಪದ ಇಂಗ್ಲಿಷಿಗೆ ಹೋದದ್ದು ಪೋರ್ಚುಗೀಸರ ಮೂಲಕ. ಅವರ ಭಾಷೆಯಲ್ಲಿ ಈ ‘ಡ’ ಇಲ್ಲ. ಅವರ ‘ರ’ ಕೂಡ ಎರಡು ಸ್ವರಗಳ ನಡುವೆ ಬಂದಾಗ ಒಂದೇ ಏಟಿನ ಸದ್ದು. ಹಾಗಾಗಿ ಕೇಳಿದ್ದನ್ನು ಅವರು ತಮ್ಮಲ್ಲಿದ್ದ ಹತ್ತಿರದ ಅಕ್ಷರದಲ್ಲಿ ಬರೆದುಕೊಂಡರು. ಇದೇನು ಅಪರೂಪವಲ್ಲ. ನಾವು ‘ಪಕೋಡ’ ಅನ್ನುವುದನ್ನು ಇಂಗ್ಲಿಷಿನಲ್ಲಿ ‘ಪಕೋರಾ’ ಎಂದು ಬರೆಯುತ್ತಾರೆ. ನಮ್ಮ ‘ಗಾಡಿ’ ಹಳೆಯ ಆಂಗ್ಲೋ-ಇಂಡಿಯನ್ ಇಂಗ್ಲಿಷಿನಲ್ಲಿ ‘ಗ್ಯಾರಿ’ ಆಗಿ ಕೂತಿದೆ. ದೊಡ್ಡಪ್ಪ ಹೇಳಿದ ಕತೆಯಲ್ಲಿ ‘ಅಡಿಕೆ’ ಅಂದದ್ದು ‘ಅರೀಕೆ’ ಎಂದು ಕೇಳಿಸಿತು ಎಂಬ ಭಾಗವಿದೆಯಲ್ಲ, ಅಷ್ಟು ಮಾತ್ರ ಅಪ್ಪಟ ಸತ್ಯ. ಕೇಳಿಸಿಕೊಂಡವನು ಬೇರೆ, ಕೇಳಿಸಿದ ಜಾಗ ಬೇರೆ.

ಹಾಗಾದರೆ ಆ ಪೋರ್ಚುಗೀಸ ಕಿವಿಗೆ ಬಿದ್ದದ್ದು ಕನ್ನಡವೇ ಏಕಾಗಿರಬಾರದು? ಇದು ಒಳ್ಳೆಯ ಪ್ರಶ್ನೆ. ದೊಡ್ಡಪ್ಪ ಇದನ್ನು ಎತ್ತಿಯೇ ಎತ್ತುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪೋರ್ಚುಗೀಸರಿಗೆ ಕನ್ನಡ ಕರಾವಳಿ ಅಪರಿಚಿತವೇನಲ್ಲ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಎಲ್ಲ ಕಡೆಯೂ ಅವರ ಓಡಾಟವಿತ್ತು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿಯಲು ನೆರವಾದ ತಿಮ್ಮಯ್ಯ ಹೊನ್ನಾವರದ ಕಡಲಾಳು. ಆದರೆ ಪೋರ್ಚುಗೀಸರು ಮೊದಲು ಇಳಿದದ್ದು 1498ರಲ್ಲಿ, ಕಲ್ಲಿಕೋಟೆಯ ಬಳಿ. ಅವರ ಮೊದಲ ಗೋದಾಮುಗಳು, ಮೊದಲ ದುಬಾಷಿಗಳು, ಮೊದಲ ಲೆಕ್ಕದ ಪುಸ್ತಕಗಳು ಎಲ್ಲವೂ ಮಲಬಾರಿನವು. ಗೋವೆ ಅವರ ಕೈಸೇರಿದ ವರ್ಷವೇ ವರ್ತೇಮನ ಪುಸ್ತಕ ಅಚ್ಚಾಗಿದೆ. ಅಂದರೆ ಪದ ಆಗಲೇ ರೂಢಿಗೆ ಬಂದಿತ್ತು. 1516ರ ಸುಮಾರಿಗೆ ತನ್ನ ಗ್ರಂಥ ಮುಗಿಸಿದ ಬಾರ್ಬೋಸಾ ಕೂಡ ‘ಅರೆಕ’ ಎಂದೇ ಬರೆಯುತ್ತಾನೆ. ಅವನು ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವನು, ಮಲಯಾಳ ಬಲ್ಲವನು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ 1563ರದು. ಗಾರ್ಸಿಯಾ ದ ಓರ್ತ ಎಂಬ ಪೋರ್ಚುಗೀಸ್ ವೈದ್ಯ ಗೋವೆಯಲ್ಲಿ ನೆಲೆಸಿ, ಇಲ್ಲಿನ ಔಷಧಿ–ಸಾಂಬಾರ ಪದಾರ್ಥಗಳ ಬಗ್ಗೆ ಬರೆದ ಗ್ರಂಥ ಆ ವರ್ಷ ಗೋವೆಯಲ್ಲೇ ಅಚ್ಚಾಯಿತು. ಅದರಲ್ಲಿ ಅವನು ಮಲಬಾರಿನಲ್ಲಿ ಇದನ್ನು ‘ಪಾಕ್’ ಎನ್ನುತ್ತಾರೆ, ನಾಯರುಗಳು ‘ಅರೆಕ’ ಎನ್ನುತ್ತಾರೆ ಎಂದು ಬಿಡಿಸಿ ಹೇಳುತ್ತಾನೆ. ‘ಪಾಕ್’ ಎಂದರೆ ಇಂದಿಗೂ ತಮಿಳರು ಅಡಿಕೆಗೆ ಅನ್ನುವ ‘ಪಾಕ್ಕು’. ‘ಅರೆಕ’ ಯಾರ ಮಾತು ಎಂಬುದನ್ನು ಆ ಕಾಲದವನೇ ಬೆರಳಿಟ್ಟು ತೋರಿಸಿದ ಮೇಲೆ ನಿಘಂಟಿನ ಕೆಲಸದವರಾದ ನಮಗೆ ಎಳೆದಾಡಲು ಹೆಚ್ಚು ಜಾಗವಿಲ್ಲ.

ಪದದ ಬಾಲವನ್ನೂ ನೋಡಿ. ಮಲಯಾಳದ ‘ಅಡಕ್ಕ’ ಅಕಾರದಲ್ಲಿ ಮುಗಿಯುತ್ತದೆ, ‘ಅರೀಕ’ವೂ ಹಾಗೆಯೇ. ನಮ್ಮ ‘ಅಡಕೆ’, ‘ಅಡಿಕೆ’ ಎಕಾರದಲ್ಲಿ ಮುಗಿಯುತ್ತವೆ. ಇದೊಂದನ್ನೇ ಹಿಡಿದು ತೀರ್ಪು ಕೊಡಲಾಗದು, ಏಕೆಂದರೆ ಪರಭಾಷೆಯವರು ಬಾಲವನ್ನು ತಮಗೆ ಬೇಕಾದ ಹಾಗೆ ತಿರುಚುತ್ತಾರೆ. ಆದರೆ ಅದೇ ಹಡಗುಗಳಲ್ಲಿ ಹೋದ ಬೇರೆ ಪದಗಳನ್ನು ಇದರ ಜೊತೆ ಸಾಲಾಗಿ ನಿಲ್ಲಿಸಿದರೆ ಅನುಮಾನ ಉಳಿಯುವುದಿಲ್ಲ. ‘ಜ್ಯಾಕ್ ಫ್ರೂಟ್’ನ ಜ್ಯಾಕ್ ಮಲಯಾಳದ ‘ಚಕ್ಕ’. ನಮ್ಮ ‘ಹಲಸು’ ಅಲ್ಲಿ ಎಲ್ಲೂ ಇಲ್ಲ. ‘ಮ್ಯಾಂಗೊ’ದಲ್ಲಿ ಕೇಳುವುದು ಆ ಕಡೆಯ ‘ಮಾಙ್ಙ’, ನಮ್ಮ ‘ಮಾವು’ ಅಲ್ಲ. ‘ಬೀಟಲ್’ ಎಂಬುದು ‘ವೆತ್ತಿಲ’, ‘ವೀಳ್ಯದೆಲೆ’ ಅಲ್ಲ. ತೆಂಗಿನ ನಾರಿಗೆ ಇಂಗ್ಲಿಷಿನವರು ಅನ್ನುವ ‘ಕಾಯರ್’ ಅಲ್ಲಿನ ‘ಕಯರ್’. ತೇಗಕ್ಕೆ ‘ಟೀಕ್’, ಕೊಬ್ಬರಿಗೆ ‘ಕೊಪ್ರ’ ಎಂಬುವೂ ಅದೇ ದಾರಿಯವು. ಒಂದು ಪದವನ್ನು ಒಂಟಿಯಾಗಿ ನೋಡಿದಾಗ ಅದು ನಮ್ಮದೇ ಎನಿಸುವುದು ಸಹಜ. ಪದಗಳು ಒಂಟಿಯಾಗಿ ಪ್ರಯಾಣ ಮಾಡುವುದು ಕಡಿಮೆ. ಒಂದೇ ಬಂದರಿನಲ್ಲಿ, ಒಂದೇ ಹಡಗಿಗೆ, ಸರಕಿನ ಜೊತೆ ಹತ್ತುತ್ತವೆ.

ಹಾಗೆಂದು ಅಡಿಕೆ ಕನ್ನಡಕ್ಕೆ ಮಲಯಾಳದಿಂದ ಬಂತೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದು ಧೈರ್ಯವಾಗಿ ಹೇಳಿ. ತಮಿಳಿನ ‘ಅಡೈಕ್ಕಾಯ್’, ಮಲಯಾಳದ ‘ಅಡಕ್ಕ’, ಕನ್ನಡದ ‘ಅಡಕೆ’ ಒಂದೇ ಮನೆಯ ಮಕ್ಕಳು. ಕೊನೆಯಲ್ಲಿರುವ ‘ಕೆ’ ನಮ್ಮ ‘ಕಾಯಿ’ಯೇ, ಸವೆದು ಸಣ್ಣದಾಗಿದೆ. ತಮಿಳಿನಲ್ಲಿ ಅದು ಇಡಿಯಾಗಿ ಉಳಿದಿದೆ. ಮೊದಲ ಭಾಗವನ್ನು, ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್, ಒತ್ತೊತ್ತಾಗಿರುವುದು ಎಂಬರ್ಥದ ‘ಅಡೆ’ ಎಂದು ಬಿಡಿಸಿದರು: ಗೊನೆಯಲ್ಲಿ ಒತ್ತಾಗಿ ಕೂತ ಕಾಯಿ. ತುಂಬಿದ ಗೊನೆಯನ್ನು ದಿನಾ ನೋಡುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ‘ಅಡಿಗೆ ಬೀಳುವ ಕಾಯಿ ಅಡಿಕೆ’ ಎಂದು ಕೆಲವರು ಹೇಳುವುದುಂಟು. ‘ಅಡಕೆ’ ಎಂಬ ರೂಪ, ತಮಿಳು–ಮಲಯಾಳದ ರೂಪಗಳು ಯಾವುವೂ ಅದಕ್ಕೆ ಒಪ್ಪುವುದಿಲ್ಲ. ಅದನ್ನು ಸಂಚಿಕೆಗೆ ಸೇರಿಸಬೇಡಿ.

ನಿಘಂಟಿನ ಚೀಟಿಗಳಲ್ಲಿ ನಾವು ಎರಡು ಗುರುತುಗಳನ್ನು ಬೇರೆಬೇರೆಯಾಗಿ ಇಡುತ್ತೇವೆ. ಒಂದು ‘ಇದರಿಂದ ಬಂದದ್ದು’, ಇನ್ನೊಂದು ‘ಇದರೊಡನೆ ಹೋಲಿಸಿ’. ‘ಅರೀಕ’ದ ಚೀಟಿಯಲ್ಲಿ ಮೊದಲ ಗುರುತಿನ ಮುಂದೆ ಪೋರ್ಚುಗೀಸ್, ಅದರ ಹಿಂದೆ ಮಲಯಾಳ. ಎರಡನೆಯ ಗುರುತಿನ ಮುಂದೆ ಕನ್ನಡ, ತಮಿಳು. ಮೂವತ್ತು ವರ್ಷ ಈ ಚೀಟಿಗಳ ನಡುವೆ ಕೂತು ನಾನು ಕಂಡದ್ದೇನೆಂದರೆ, ಓದುಗರ ನಡುವಿನ ಮುಕ್ಕಾಲು ಪಾಲು ಪದಜಗಳಗಳು ಈ ಎರಡು ಗುರುತುಗಳನ್ನು ಒಂದೇ ಎಂದುಕೊಂಡಾಗ ಹುಟ್ಟುತ್ತವೆ. ಹೋಲಿಕೆ ಕಂಡವರು ಮೂಲ ಸಿಕ್ಕಿತು ಅನ್ನುತ್ತಾರೆ. ಮೂಲ ಬೇರೆ ಎಂದು ತಿಳಿದವರು ಸಂಬಂಧವೇ ಇಲ್ಲ ಅನ್ನುತ್ತಾರೆ. 1886ರಲ್ಲಿ ಪ್ರಕಟವಾದ ಆಂಗ್ಲೋ-ಇಂಡಿಯನ್ ಪದಕೋಶವನ್ನು ರಚಿಸಿದ ಯೂಲ್ ಮತ್ತು ಬರ್ನೆಲ್ ಕೂಡ ಅರೀಕಕ್ಕೆ ಮಲಯಾಳ ಮೂಲವನ್ನೇ ಕೊಟ್ಟಿದ್ದಾರೆ. ಅವರಲ್ಲಿ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು. ಕನ್ನಡ ಕರಾವಳಿ ಗೊತ್ತಿಲ್ಲದೆ ಹೇಳಿದ ಮಾತಲ್ಲ ಅದು.

ಈಗ ‘ಬೀಟಲ್ ನಟ್’. ಮೇಲೆ ಹೇಳಿದ ಹಾಗೆ ಬೀಟಲ್ ಎಂದರೆ ಎಲೆ. ಮಲಯಾಳದ ‘ವೆತ್ತಿಲ’ದ ಕೊನೆಯಲ್ಲಿರುವ ‘ಇಲ’ ನಮ್ಮ ‘ಎಲೆ’ಯೇ. ಲಿನೇಯಸ್ ವೀಳ್ಯದ ಬಳ್ಳಿಗೆ ‘ಪೈಪರ್ ಬೀಟಲ್’ ಎಂದೇ ಹೆಸರಿಟ್ಟ. ಕಾಯಿಯನ್ನು ಎಲೆಯಲ್ಲಿ ಸುತ್ತಿ ಬಾಯಿಗಿಡುವುದನ್ನು ಕಂಡ ಯುರೋಪಿನವರು, ಎಲೆಯ ಜೊತೆ ತಿನ್ನುವ ಕಾಯಿ ಎಂಬರ್ಥದಲ್ಲಿ ಅದನ್ನು ‘ಬೀಟಲ್ ನಟ್’ ಎಂದರು. ಯೂಲ್ ಮತ್ತು ಬರ್ನೆಲ್ ಆಗಲೇ ಈ ಬಳಕೆ ಅಷ್ಟು ಸರಿಯಲ್ಲ ಎಂದು ಬರೆದಿಟ್ಟಿದ್ದಾರೆ.

ಇದು ಬರೀ ಶಬ್ದಶುದ್ಧಿಯ ಮಾತಲ್ಲ. ಕೆಲವು ವರ್ಷದ ಹಿಂದೆ ಪಠ್ಯವೊಂದರ ಕನ್ನಡ ಕರಡನ್ನು ತಿದ್ದಲು ನನಗೆ ಕಳಿಸಿದ್ದರು. ಅದರಲ್ಲಿ ‘ವೀಳ್ಯದ ಬೀಜ’ ಎಂದಿತ್ತು. ಒಂದು ಕ್ಷಣ ನನಗೇ ತಿಳಿಯಲಿಲ್ಲ, ವೀಳ್ಯದ ಬಳ್ಳಿಯ ಬೀಜ ಯಾರು ಮಾರುತ್ತಾರೆ ಎಂದು. ಆಮೇಲೆ ಇಂಗ್ಲಿಷ್ ಮೂಲ ತರಿಸಿ ನೋಡಿದರೆ ಬೀಟಲ್ ನಟ್. ಅನುವಾದಕರು ಪದಕ್ಕೆ ಪದ ಇಟ್ಟಿದ್ದರು. ಅಡಿಕೆ ಬೆಳೆಯುವ ನಾಡಿನ ಮಕ್ಕಳು ಓದಬೇಕಾದ ಪುಟದಿಂದ ಅಡಿಕೆಯೇ ಮಾಯವಾಗಿತ್ತು. ಇನ್ನೂ ಗಂಭೀರವಾದ ಜಾಗಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿರುವ ಮತ್ತು ಇಲ್ಲದ ಎಲೆಅಡಿಕೆ ಕವಳವನ್ನು ಮಾತ್ರವಲ್ಲದೆ, ಅಡಿಕೆಯನ್ನೇ ಪ್ರತ್ಯೇಕವಾಗಿ ಹೆಸರಿಸಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರಿಗೆ ಇದು ಕಹಿ ವಿಷಯ, ನನಗೆ ಗೊತ್ತು. ಆದರೆ ಇಂಥ ವರದಿಯನ್ನು ಓದುವವರಿಗೆ, ಅದಕ್ಕೆ ಉತ್ತರ ಕೊಡಬೇಕಾದ ಸಂಘಗಳಿಗೆ, ಕವಳ ಯಾವುದು, ಎಲೆ ಯಾವುದು, ಅಡಿಕೆ ಯಾವುದು ಎಂಬ ಗೆರೆ ಸ್ಪಷ್ಟವಾಗಿರಬೇಕು. ಮೂರಕ್ಕೂ ‘ಬೀಟಲ್’ ಹಚ್ಚಿದರೆ ಆ ಗೆರೆ ಅಳಿಸಿಹೋಗುತ್ತದೆ.

ಬೆಳೆಗೆ ಸಂಬಂಧಿಸಿದ ನಮ್ಮ ಸಂಸ್ಥೆಗಳು ಇದನ್ನು ಎಂದೋ ತೀರ್ಮಾನಿಸಿವೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋದ ಪೂರ್ಣ ಹೆಸರಿನಲ್ಲಿರುವುದು ‘ಅರೆಕನಟ್’. ನಿಮ್ಮ ಇಂಗ್ಲಿಷ್ ಪುಟಗಳಲ್ಲೂ ಅದನ್ನೇ ಬಳಸಿ. ಹೊರನಾಡಿನ ಓದುಗರಲ್ಲಿ ಹಲವರಿಗೆ ಗೊತ್ತಿರುವುದು ಬೀಟಲ್ ನಟ್ ಮಾತ್ರ, ಹಾಗಾಗಿ ಮೊದಲ ಸಲ ಬಂದಾಗ ‘ಬೀಟಲ್ ನಟ್ ಎಂದೂ ಕರೆಯುತ್ತಾರೆ’ ಎಂದು ಒಮ್ಮೆ ಹೇಳಿ ಮುಂದೆ ಬಿಟ್ಟುಬಿಡಿ. ಒಂದು ಎಚ್ಚರಿಕೆ: ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಬೇಡಿ. ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ 0802ರ ಅಡಿಯಲ್ಲಿ ಕಾಯಿಗೆ ‘ಅರೀಕ ನಟ್’ ಎಂದಿದೆ, 2106ರ ಅಡಿಯಲ್ಲಿ ಸುಪಾರಿ ಎಂಬ ತಯಾರಿಕೆಗೆ ‘ಬೀಟಲ್ ನಟ್’ ಎಂದೇ ಇದೆ. ಸುಂಕದ ಬಗ್ಗೆ ಲೇಖನವಿದ್ದರೆ, ಅಲ್ಲಿ ಉದ್ಧರಿಸಿದ ಕಾನೂನಿನ ಮಾತನ್ನು ಮುಟ್ಟಬಾರದು.

(ಲಿನೇಯಸ್ ಇಟ್ಟ ಹೆಸರಿನ ಎರಡನೆಯ ಭಾಗ ‘ಕ್ಯಾಟೆಚು’ ಎಂಬುದು ನಮ್ಮ ‘ಕಾಚು’ವಿನ ನಂಟಿನ ಪದ. ಕಾಚು ತೆಗೆಯುವುದು ಕಗ್ಗಲಿ ಮರದ ಚೇಗಿನಿಂದ, ಅಡಿಕೆಯಿಂದಲ್ಲ. ಕವಳದಲ್ಲಿ ಜೊತೆಗೂಡುವ ಪದಾರ್ಥದ ಹೆಸರು ಅಡಿಕೆ ಮರಕ್ಕೆ ಅಂಟಿಕೊಂಡು ಹಾಗೇ ಉಳಿದಿದೆ. ಇದನ್ನು ಸಂಚಿಕೆಯ ಯಾವುದಾದರೂ ಮೂಲೆಯಲ್ಲಿ ಹಾಕಬಹುದು, ಮಕ್ಕಳಿಗೆ ಇಷ್ಟವಾಗುತ್ತದೆ.)

ಮುಖಪುಟಕ್ಕೆ ಏನು ಮಾಡಬೇಕು? ದೊಡ್ಡಪ್ಪನವರ ಸಾಲನ್ನೇ ಹಾಕಬಹುದು. ಊರಿನಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಸಂಚಿಕೆ ಊರು ದಾಟುತ್ತದೆ. ಕಾಸರಗೋಡು, ಪುತ್ತೂರು ಕಡೆಯ ಬೆಳೆಗಾರರ ಕೈಗೆ ಹೋಗುತ್ತದೆ, ಫೋಟೋ ತೆಗೆದು ಹಂಚುತ್ತಾರೆ. ಯಾರೋ ಒಬ್ಬರು ನಿಘಂಟು ತೆರೆದರೆ ಮುಖಪುಟವೇ ತಪ್ಪು ಎಂದಾಗುತ್ತದೆ. ಅದರ ನೆರಳು ಒಳಗಿರುವ ಸಂಘದ ಲೆಕ್ಕ, ಇತಿಹಾಸದ ಮೇಲೂ ಬೀಳುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ದೊಡ್ಡಪ್ಪನವರ ಮುಂದೆ ಮೆಲ್ಲಗೆ ನೆನಪಿಸಿ, ಅವರಿಗೆ ನಗು ಬರಬಹುದು.

ಇಲ್ಲವೇ ಸಾಲನ್ನು ತಿದ್ದಬಹುದು: ‘ಅರೀಕ: ನಮ್ಮ ಅಡಿಕೆಯ ಬಳಗದ ಪದ, ಐನೂರು ವರ್ಷದಿಂದ ಲೋಕ ಸುತ್ತುತ್ತಿದೆ’. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ‘ಬಳಗ’ ಎಂದರೇನು ಎಂದು ಕೇಳುವವರಿಗಾಗಿ ಒಳಪುಟದಲ್ಲಿ ನಾಲ್ಕು ಸಾಲು ಬೇಕಾಗುತ್ತದೆ. ಮೇಲೆ ಹೇಳಿದ್ದರಲ್ಲಿ ಬೇಕಾದಷ್ಟನ್ನು ಎತ್ತಿಕೊಳ್ಳಿ, ನನ್ನ ಹೆಸರು ಹಾಕಬೇಕಿಲ್ಲ. ಸೊಸೆಯ ಮಾತಿಗೂ ದೊಡ್ಡಪ್ಪನ ಮಾತಿಗೂ ಇದರಲ್ಲಿ ಜಾಗವಿದೆ. ಇಂಗ್ಲಿಷಿಗೆ ಕನ್ನಡದ್ದೇ ಆದ ಪದ ತೋರಿಸಲೇಬೇಕು ಎಂದು ಸಮಿತಿಯಲ್ಲಿ ಯಾರಾದರೂ ಹಟ ಹಿಡಿದರೆ, ಕಾಡುನಾಯಿಗೆ ಇಂಗ್ಲಿಷಿನವರು ಹೇಳುವ ‘ಢೋಲ್’ ನಮ್ಮ ‘ತೋಳ’ದಿಂದ ಬಂದಿರಬಹುದು ಎಂದು ಕೆಲವು ನಿಘಂಟುಗಳು ಹೇಳುತ್ತವೆ. ಆದರೆ ‘ಬಹುಶಃ’ ಸೇರಿಸಿಯೇ ಹೇಳುತ್ತವೆ. ನೀವೂ ಅದನ್ನು ಬಿಡಬೇಡಿ. ಅಡಿಕೆ ಸಂಚಿಕೆಯಲ್ಲಿ ಕಾಡುನಾಯಿಗೇನು ಕೆಲಸ ಎಂಬುದು ಬೇರೆ ಮಾತು.

ನನ್ನನ್ನು ಕೇಳಿದರೆ ಮೂರನೆಯ ದಾರಿಯೊಂದಿದೆ, ನನ್ನ ಮನಸ್ಸು ಅದರ ಕಡೆಗೇ. ಇಂಗ್ಲಿಷಿಗೆ ಯಾವ ಪದ ಹೋಯಿತು ಎಂಬುದಕ್ಕಿಂತ, ನಿಮ್ಮ ತೋಟ–ಅಂಗಳಗಳಲ್ಲಿ ಇನ್ನೂ ಉಸಿರಾಡುತ್ತಿರುವ ಪದಗಳಿಗೆ ಎರಡು ಪುಟ ಕೊಡಿ. ಸಿಂಗಾರ, ಹಾಳೆ, ಗೊನೆ, ದೋಟಿ, ಚೊಗರು. ಸುಲಿದು ಬೇಯಿಸಿ ಒಣಗಿಸಿದ ಮೇಲೆ ರಾಶಿ, ಬೆಟ್ಟೆ, ಹಸ, ಗೊರಬಲು. ಶಿರಸಿ ಕಡೆ ಹೋದರೆ ಚಾಲಿ, ಕೆಂಪುಗೋಟು, ಬಿಳಿಗೋಟು. ಇವು ಪೇಟೆಯ ದರಪಟ್ಟಿಯಲ್ಲಿ ದಿನಾ ಬರುತ್ತವೆ. ಆದರೆ ‘ಗೊರಬಲು’ ಎಂದರೆ ಯಾವ ಹದದ ಕಾಯಿ, ‘ಹಸ’ ಎಂದರೆ ಯಾವುದು ಎಂದು ಬೆಂಗಳೂರಿನಲ್ಲಿ ಓದುತ್ತಿರುವ ನಿಮ್ಮೂರ ಹುಡುಗರನ್ನು ಕೇಳಿ ನೋಡಿ. ಚೊಗರಿನ ವಿಷಯವನ್ನೇ ತೆಗೆದುಕೊಳ್ಳಿ. ಹಂಡೆಯಲ್ಲಿ ಅಡಿಕೆ ಬೆಂದ ಮೇಲೆ ಉಳಿಯುವ ಕೆಂಪು ರಸವನ್ನು ಚೆಲ್ಲದೆ ಇಟ್ಟು, ಮುಂದಿನ ಬೇಯಿಸುವಿಕೆಗೆ ಬಣ್ಣಕ್ಕೆ ಹಾಕುತ್ತಾರಲ್ಲ, ಅದಕ್ಕೆ ಒಂದೇ ಪದದಲ್ಲಿ ಹೇಳುವ ಇಂಗ್ಲಿಷ್ ನನಗೆ ಎಲ್ಲೂ ಸಿಕ್ಕಿಲ್ಲ. ಕನ್ನಡದಲ್ಲಿದೆ, ಮೂರೇ ಅಕ್ಷರ.

ಈ ಪುಟಕ್ಕೂ ಅಪಾಯವಿಲ್ಲದೆ ಇಲ್ಲ. ಒಂದೇ ಪದ ಹತ್ತು ಮೈಲಿಯಲ್ಲಿ ಅರ್ಥ ಬದಲಿಸುತ್ತದೆ, ಸಾಗರದವರ ಮಾತು ತೀರ್ಥಹಳ್ಳಿಯವರಿಗೆ ಸರಿ ಕಾಣದೇ ಇರಬಹುದು. ಆದ್ದರಿಂದ ಪ್ರತಿ ಪದದ ಮುಂದೆ ಯಾರು ಹೇಳಿದ್ದು, ಯಾವ ಊರು ಎಂದು ಬರೆದುಕೊಳ್ಳಿ. ಈ ಕೆಲಸಕ್ಕೆ ದೊಡ್ಡಪ್ಪನವರಿಗಿಂತ ಯೋಗ್ಯರು ನಿಮಗೆ ಸಿಗಲಾರರು. ಹದಿನೈದು ದಿನದಲ್ಲಿ ಒಂದು ಮಧ್ಯಾಹ್ನ ಅವರನ್ನೂ, ನಿಮ್ಮ ತೋಟದಲ್ಲಿ ಗೊನೆ ಕೊಯ್ಯುವ ಕೊನೆಗಾರನನ್ನೂ, ಮನೆಯಲ್ಲಿ ಅಡಿಕೆ ಸುಲಿಯುವ ಹೆಂಗಸರನ್ನೂ ಒಟ್ಟಿಗೆ ಕೂರಿಸಿ, ಫೋನಿನಲ್ಲಿ ಧ್ವನಿಮುದ್ರಣ ಹಾಕಿಡಿ. ಕಾಸರಗೋಡಿನ ಸೊಸೆಯನ್ನೂ ಕರೆಯಿರಿ, ಅವಳ ಕಡೆಯ ಪದಗಳು ಪಕ್ಕದ ಕಾಲಮ್ಮಿಗೆ ಬರಲಿ. ಬರೆದುಕೊಂಡ ಪಟ್ಟಿಯಲ್ಲಿ ಎಲ್ಲಾದರೂ ಅನುಮಾನ ಬಂದರೆ ನನಗೆ ಕಳಿಸಿ. ಪ್ರೆಸ್ಸಿಗೆ ಹೋಗುವ ಮೊದಲು ನೋಡಿಕೊಡುತ್ತೇನೆ.